ಬ್ಯಾರಲ್ಲಿನ ಎಣ್ಣಿಯನ್ನು ನೊಣಕ್ಕೆ ಕುಡಿಸಿ ನೋಡಬೇಕು



ಅಕ್ಟೋಬರ್ ಚಾಟ್ನಿ ಮುಗಿದು ದ್ರಾಕ್ಷಿ ಬಳ್ಳಿ ಚಿಗುರೊಡೆಯಿತೆಂದರೆ ಜಮಖಂಡಿ ಸೀಮೆಯ ತೋಟಗಳಲ್ಲಿ ಬ್ಯಾರಲ್ಲುಗಳಿಗೆ ಬಿಡುವಿರುವುದಿಲ್ಲ. ಮೋಡ ಕವಿದರೆ ಒಂದು ಸಿಂಪರಣೆ, ಇಬ್ಬನಿ ಬಿದ್ದರೆ ಮತ್ತೊಂದು, ನಡುವೆ ತುಂತುರು ಮಳೆ ಬಂದು ಮೊದಲಿನದು ತೊಳೆದುಹೋದರೆ ಇನ್ನೊಂದು. ನಮ್ಮ ಕಡೆ ಇದಕ್ಕೆಲ್ಲ ‘ಎಣ್ಣಿ ಹೊಡೆಯುವುದು’ ಎಂದು ಒಂದೇ ಮಾತು. ಬ್ಯಾರಲ್ಲಿನೊಳಗೆ ಬೀಳುವುದು ಮಾತ್ರ ಒಂದೇ ಪದಾರ್ಥವಲ್ಲ. ಬೂಜು ತುಪ್ಪಟಕ್ಕೆಂದು ಒಂದು ಪುಡಿ, ಥ್ರಿಪ್ಸಿಗೆಂದು ಒಂದು ದ್ರವ, ಅಂಗಡಿಯವರು ಹೇಳಿದರೆಂದು ಒಂದು ಟಾನಿಕ್ಕು, ಎಲ್ಲಕ್ಕೂ ಮೇಲೆ ಎಲೆಗೆ ಹಿಡಿಯಲೆಂದು ಅಂಟು. ಕೋಲಿನಿಂದ ಕಲಕಿದರೆ ಮುಗಿಯಿತು. ಮುಧೋಳ, ಬೀಳಗಿ ಕಡೆಯ ದಾಳಿಂಬೆ ತೋಟಗಳಲ್ಲಿಯೂ ತೇರದಾಳದ ಅರಿಷಿಣದ ಹೊಲಗಳಲ್ಲಿಯೂ ಪರಿಸ್ಥಿತಿ ಬೇರೆಯೇನಲ್ಲ.

ಈ ಬ್ಯಾರಲ್ಲಿನ ನೀರು ಮನುಷ್ಯನಿಗೆ ಎಷ್ಟು ಕೆಟ್ಟದ್ದು ಎಂದು ಕೇಳಿದರೆ, ತಿಳಿದ ರೈತರು ಡಬ್ಬಿಯನ್ನು ತಿರುಗಿಸಿ ಬಣ್ಣದ ಗುರುತನ್ನು ತೋರಿಸುತ್ತಾರೆ. “ಹಸಿರು ಅದ, ಏನೂ ಆಗೂದಿಲ್ಲ” ಎಂಬ ಮಾತನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಈ ವಾರ ಆ ಹಸಿರು ಗುರುತಿನ ವಿಷಯವಾಗಿಯೂ, ಅದು ಹೇಳದೆ ಬಿಟ್ಟದ್ದನ್ನು ಹೇಳಬಲ್ಲ ಒಂದು ಸಣ್ಣ ನೊಣದ ವಿಷಯವಾಗಿಯೂ ಬರೆಯಬೇಕೆಂದಿದ್ದೇವೆ.

ಮೊದಲು ಗುರುತನ್ನು ನೋಡೋಣ. 1968ರ ಕೀಟನಾಶಕ ಕಾಯಿದೆ ಮತ್ತು 1971ರ ನಿಯಮಗಳ ಪ್ರಕಾರ ಪ್ರತಿ ಡಬ್ಬಿಯ ಮೇಲೆ ಓರೆಯಾಗಿ ನಿಲ್ಲಿಸಿದ ಚೌಕವೊಂದು ಇರುತ್ತದೆ. ಅದರ ಕೆಳಗಿನ ತ್ರಿಕೋನಕ್ಕೆ ಬಣ್ಣ ಬಳಿದಿರುತ್ತದೆ. ಕೆಂಪು, ಹಳದಿ, ನೀಲಿ, ಹಸಿರು. ಪರೀಕ್ಷೆಗೆ ಇಟ್ಟ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ಎಷ್ಟು ಮಿಲಿಗ್ರಾಂ ಔಷಧ ಬಾಯಿಯ ಮೂಲಕ ಹೋಗಬೇಕು ಎಂಬುದೇ ಈ ಬಣ್ಣದ ಲೆಕ್ಕ. 50ರೊಳಗೇ ಸತ್ತರೆ ಕೆಂಪು, 500ರವರೆಗೆ ಹಳದಿ, 5000ದವರೆಗೆ ನೀಲಿ, ಅದಕ್ಕೂ ಮೇಲೆ ಬೇಕಾದರೆ ಹಸಿರು. ಅಂದರೆ ಈ ಗುರುತು ಉತ್ತರ ಕೊಡುವುದು ಒಂದೇ ಪ್ರಶ್ನೆಗೆ: ಇದನ್ನು ಇವತ್ತು ಕುಡಿದರೆ ಎಷ್ಟಕ್ಕೆ ಪ್ರಾಣ ಹೋಗುತ್ತದೆ? ಹತ್ತು ವರ್ಷ ಇದರ ಗಾಳಿಯಲ್ಲಿ ನಿಂತವನಿಗೆ ಏನಾಗುತ್ತದೆ, ಅವನಿಗೆ ಹುಟ್ಟುವ ಮಗುವಿಗೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಯಾರೂ ಆ ತ್ರಿಕೋನಕ್ಕೆ ಕೇಳಿಲ್ಲ.

ಬೀಜದ ಮಾತು ರೈತನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬಿನ ಬೀಜದ ತುಂಡಿನಲ್ಲಿ ರೋಗವಿದ್ದರೆ ನಾಟಿ ಮಾಡಿದ ದಿನ ಕಾಣುವುದಿಲ್ಲ. ಬೆಳೆ ಎದ್ದ ಮೇಲೆ, ಕೆಲವೊಮ್ಮೆ ಕೂಳೆಯಲ್ಲಿ ಕಾಣುತ್ತದೆ. ಮನುಷ್ಯನ ಬೀಜದಲ್ಲಿಯೂ ವರ್ಣತಂತುಗಳೆಂಬ ಎಳೆಗಳಿವೆ. ಮೈಬಣ್ಣ, ಎತ್ತರ, ರಕ್ತದ ಗುಣ ಎಲ್ಲ ಅವುಗಳಲ್ಲಿ ಬರೆದಿಟ್ಟಂತೆ ಇರುತ್ತದೆ. ಕೆಲವು ರಾಸಾಯನಿಕಗಳು ಆ ಬರಹವನ್ನು ಅಳಿಸುತ್ತವೆ, ಇಲ್ಲವೆ ತಿದ್ದುತ್ತವೆ. ಇದಕ್ಕೆ ವಿಜ್ಞಾನಿಗಳು ಉತ್ಪರಿವರ್ತನೆ ಎನ್ನುತ್ತಾರೆ. ಮೈಯ ಜೀವಕೋಶದಲ್ಲಿ ಹಾಗಾದರೆ ಕ್ಯಾನ್ಸರಿಗೆ ದಾರಿಯಾಗಬಹುದು; ಬೀಜದ ಕೋಶದಲ್ಲಾದರೆ ಗರ್ಭ ನಿಲ್ಲದಿರಬಹುದು, ಅಥವಾ ಊನ ಮುಂದಿನ ಪೀಳಿಗೆಗೆ ಹೋಗಬಹುದು. ಇದರಲ್ಲಿ ತಲೆನೋವಿಲ್ಲ, ವಾಂತಿಯಿಲ್ಲ. ಸಿಂಪರಣೆ ಮಾಡಿದ ಸಂಜೆ ಉಂಡು ಮಲಗಿದವನಿಗೆ ಏನೂ ತಿಳಿಯುವುದಿಲ್ಲ.

ಇದನ್ನು ಕಂಡುಹಿಡಿಯುವುದಾದರೂ ಹೇಗೆ? ಮನುಷ್ಯರ ಮೂರು ತಲೆಮಾರು ಕಾಯಲು ಎಪ್ಪತ್ತು ವರ್ಷ ಬೇಕು. ನೊಣ ನಮ್ಮ ಕೆಲಸಕ್ಕೆ ಬರುವುದು ಇಲ್ಲಿಯೇ.

ಯಾವ ನೊಣ ಎಂಬುದನ್ನು ಸ್ಪಷ್ಟಪಡಿಸಿಬಿಡುತ್ತೇವೆ. ಮಾವು, ಪೇರಲ, ಹೀರೆ, ಹಾಗಲಕ್ಕೆ ಚುಚ್ಚಿ ಒಳಗೆ ಹುಳು ಮಾಡುವ ದೊಡ್ಡ ಹಣ್ಣುನೊಣವಲ್ಲ ಇದು. ಕಬ್ಬಿನ ಹಾಲಿನ ಅಂಗಡಿಯ ಸಿಪ್ಪೆಯ ರಾಶಿಯ ಮೇಲೆ, ಕೊಳೆತ ಬಾಳೆಹಣ್ಣಿನ ಮೇಲೆ, ಒಡೆದ ದ್ರಾಕ್ಷಿಯ ಬುಟ್ಟಿಯ ಸುತ್ತ ಹೊಗೆಯಂತೆ ಹಾರಾಡುವ, ಎಳ್ಳಿನಷ್ಟು ಗಾತ್ರದ, ಕೆಂಪು ಕಣ್ಣಿನ ನೊಣ. ಡ್ರೊಸಾಫಿಲ ಎಂದು ಅದರ ಶಾಸ್ತ್ರೀಯ ಹೆಸರು. ಮೊಟ್ಟೆಯಿಂದ ರೆಕ್ಕೆಯ ನೊಣವಾಗಲು 25 ಡಿಗ್ರಿ ಶಾಖದಲ್ಲಿ ಹತ್ತು ಹನ್ನೆರಡು ದಿನ ಸಾಕು. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ವರ್ಣತಂತುಗಳು ನಾಲ್ಕೇ ಜೊತೆ. ಹಾಗೆಂದು ಕೀಳಾಗಿ ಕಾಣಬೇಡಿ. 2000ದಲ್ಲಿ ಅದರ ವಂಶವಾಹಿಗಳ ಬರಹವನ್ನೆಲ್ಲ ಓದಿ ಮುಗಿಸಿದ ಮೇಲೆ, ಮನುಷ್ಯನ ರೋಗಗಳಿಗೆ ಸಂಬಂಧಿಸಿದ ವಂಶವಾಹಿಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಹೋಲುವಂಥವು ಈ ನೊಣದಲ್ಲಿಯೂ ಇವೆಯೆಂದು ತಿಳಿದುಬಂತು. ಹೊಟ್ಟೆಗೆ ಹೋದ ವಿಷವನ್ನು ಒಡೆದು ಬೇರೆ ಪದಾರ್ಥವಾಗಿ ಮಾರ್ಪಡಿಸುವ ಕಿಣ್ವಗಳೂ ಇದರ ಮೈಯಲ್ಲಿವೆ. ಇದು ಮುಖ್ಯವಾದ ಮಾತು. ಎಷ್ಟೋ ರಾಸಾಯನಿಕಗಳು ಡಬ್ಬಿಯಲ್ಲಿರುವಾಗ ಸಾಧುವಾಗಿದ್ದು, ದೇಹದೊಳಗೆ ಮಾರ್ಪಟ್ಟ ಮೇಲೆ ಕೇಡು ಮಾಡುತ್ತವೆ.

ಅಮೆರಿಕದಲ್ಲಿ ಮಾರ್ಗನ್ನರು 1910ರಲ್ಲಿ ಇದರ ಬಿಳಿ ಕಣ್ಣಿನ ಗಂಡೊಂದನ್ನು ಹಿಡಿದು ಅನುವಂಶೀಯತೆಯ ಅಭ್ಯಾಸ ಆರಂಭಿಸಿದರು. ಅವರ ಶಿಷ್ಯ ಮುಲ್ಲರ್ 1927ರಲ್ಲಿ ಕ್ಷ-ಕಿರಣದಿಂದ ನೊಣದ ಬೀಜದಲ್ಲಿ ಉತ್ಪರಿವರ್ತನೆಯಾಗುತ್ತದೆಂದು ತೋರಿಸಿ 1946ರಲ್ಲಿ ನೊಬೆಲ್ ಬಹುಮಾನ ಪಡೆದರು. ರಾಸಾಯನಿಕಕ್ಕೂ ಆ ಶಕ್ತಿಯುಂಟು ಎಂದು ತೋರಿಸಿದವರು ಒಬ್ಬ ಹೆಂಗಸು. ಹಿಟ್ಲರನ ಕಾಲದಲ್ಲಿ ಜರ್ಮನಿ ಬಿಟ್ಟು ಎಡಿನ್‌ಬರೋಕ್ಕೆ ಬಂದ ಷಾರ್ಲೆಟ್ ಅವರ್‌ಬಾಕ್. ಯುದ್ಧದಲ್ಲಿ ಬಳಸುವ ಸಾಸಿವೆ ಅನಿಲದ ಸುಟ್ಟಗಾಯ ಕ್ಷ-ಕಿರಣದ ಸುಟ್ಟಗಾಯದಂತೆಯೇ ಇದೆಯಲ್ಲ ಎಂಬ ಒಂದು ಅನುಮಾನದಿಂದ ಹೊರಟು, ರಾಬ್ಸನ್ನರ ಜೊತೆಗೆ 1940ರ ಆಚೀಚೆ ಆ ಅನಿಲವನ್ನು ನೊಣಗಳಿಗೆ ಸೋಕಿಸಿ ನೋಡಿದರು. ಅನುಮಾನ ನಿಜವಾಯಿತು. ಆದರೆ ಯುದ್ಧದ ಗುಟ್ಟೆಂದು 1946ರವರೆಗೆ ಪೂರ್ಣ ವಿವರ ಹೊರಬೀಳಲಿಲ್ಲ. ವಿಷದ ವಿಷಯದಲ್ಲಿ ಗುಟ್ಟು ಎಂಬುದು ಹೊಸದೇನೂ ಅಲ್ಲವೆಂದಾಯಿತು.

ಪರೀಕ್ಷೆಯ ರೀತಿ ತಿಳಿದರೆ ನಿಮಗೇ ಮೆಚ್ಚುಗೆಯಾದೀತು. ಗಂಡು ನೊಣಗಳಿಗೆ ಸಕ್ಕರೆ ನೀರಿನಲ್ಲಿ ಔಷಧ ಬೆರೆಸಿ ಕುಡಿಸುತ್ತಾರೆ. ಆಮೇಲೆ ಕಣ್ಣು ಪಟ್ಟಿಯಂತೆ ಕಿರಿದಾಗಿ ಬಣ್ಣ ಮಾಸಿರುವ ಒಂದು ವಿಶೇಷ ತಳಿಯ ಹೆಣ್ಣುಗಳ ಜೊತೆ ಬಿಡುತ್ತಾರೆ. ತಂದೆಯ ಎಕ್ಸ್ ಎಂಬ ವರ್ಣತಂತು ಹೆಣ್ಣುಮಕ್ಕಳಿಗೆ ಮಾತ್ರ ಹೋಗುತ್ತದೆ. ಅದರಲ್ಲಿ ಪ್ರಾಣಕ್ಕೆ ಎರವಾಗುವ ದೋಷ ಉಂಟಾಗಿದ್ದರೂ ಮಗಳು ಬದುಕುತ್ತಾಳೆ, ಏಕೆಂದರೆ ತಾಯಿಯಿಂದ ಬಂದ ಇನ್ನೊಂದು ಎಕ್ಸ್ ಆ ಕೊರತೆಯನ್ನು ತುಂಬುತ್ತದೆ. ಒಬ್ಬೊಬ್ಬ ಮಗಳನ್ನೂ ಒಂದೊಂದು ಬಾಟಲಿಯಲ್ಲಿ ಬೇರೆ ಮಾಡಿ ಮರಿ ಮಾಡಿಸುತ್ತಾರೆ. ಮೊಮ್ಮಕ್ಕಳಲ್ಲಿ ಗಂಡಿಗೆ ಎಕ್ಸ್ ಒಂದೇ. ಅರ್ಧ ಗಂಡುಗಳಿಗೆ ಅಜ್ಜನದು ಬರುತ್ತದೆ, ಇನ್ನರ್ಧಕ್ಕೆ ಅಜ್ಜಿಯದು. ಅಜ್ಜನ ಎಕ್ಸ್ ಕೆಟ್ಟಿದ್ದರೆ ಆ ಗಂಡುಗಳು ಹುಟ್ಟುವುದೇ ಇಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಪಟ್ಟಿ ಕಣ್ಣಿನ ಗಂಡುಗಳು ಮಾತ್ರ ಇವೆ, ದುಂಡು ಕೆಂಪು ಕಣ್ಣಿನ ಗಂಡು ಒಂದೂ ಇಲ್ಲ. ಅಜ್ಜ ಕುಡಿದ ಎಣ್ಣಿಯ ಲೆಕ್ಕ ಮೊಮ್ಮಗನಲ್ಲಿ ಸಿಕ್ಕಿತು. ಇದಕ್ಕೆಲ್ಲ ಹಿಡಿಯುವುದು ತಿಂಗಳೊಪ್ಪತ್ತು.

ಏನೂ ಕುಡಿಸದ ನೊಣಗಳಲ್ಲಿಯೂ ಸಾವಿರಕ್ಕೆ ಒಂದೆರಡು ಬಾಟಲಿ ಹೀಗೆ ಬರುವುದುಂಟು. ಆದ್ದರಿಂದ ಹೆಚ್ಚುಕಡಿಮೆ ಹೇಳಬೇಕಾದರೆ ಸಾವಿರಾರು ಬಾಟಲಿ ಎಣಿಸಬೇಕು. ಬೇಸರದ ಕೆಲಸ. 1984ರಲ್ಲಿ ಸ್ವಿಟ್ಜರ್ಲೆಂಡಿನ ಗ್ರಾಫ್, ವುರ್ಗ್ಲರ್ ಮತ್ತು ಅವರ ಸಂಗಡಿಗರು ಇನ್ನೊಂದು ಸುಲಭದ ದಾರಿ ಹಾಕಿಕೊಟ್ಟರು. ನೊಣದ ರೆಕ್ಕೆಯ ಒಂದೊಂದು ಕೋಶಕ್ಕೂ ಒಂದೊಂದು ರೋಮವಿರುತ್ತದೆ. ತಕ್ಕ ತಳಿಯ ಮರಿಹುಳುವಿಗೆ ಔಷಧ ತಿನ್ನಿಸಿದಾಗ ಕೋಶದ ವರ್ಣತಂತು ಕೆಟ್ಟರೆ, ಬೆಳೆದ ನೊಣದ ರೆಕ್ಕೆಯ ಮೇಲೆ ಒಂದರ ಬದಲು ಕುಚ್ಚು ಕುಚ್ಚಾಗಿ ರೋಮವಿರುವ ಚುಕ್ಕೆ ಏಳುತ್ತದೆ. ಸೂಕ್ಷ್ಮದರ್ಶಕದಲ್ಲಿ ಚುಕ್ಕೆ ಎಣಿಸಿದರಾಯಿತು. ಮೊಮ್ಮಕ್ಕಳವರೆಗೆ ಕಾಯಬೇಕಿಲ್ಲ.

ಇದೆಲ್ಲ ಹೊರದೇಶದ ಮಾತು ಎಂದುಕೊಳ್ಳಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ, ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ, ಪ್ರೊ. ಎಂ. ಆರ್. ರಾಜಶೇಖರಶೆಟ್ಟಿ ಅವರ ಕಾಲದಿಂದ ಈ ನೊಣದ ಅಭ್ಯಾಸ ನಡೆದು ಬಂದಿದೆ. ನಾನಾ ತಳಿಗಳನ್ನು ಸಾಕಿಟ್ಟ ನೊಣದ ಭಂಡಾರವೇ ಅಲ್ಲಿದೆ. ಅವುಗಳ ಊಟವೇನೆಂದು ಕೇಳಿದರೆ ನಮ್ಮ ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಗಳಿಗೆ ಸಂತೋಷವಾದೀತು: ಲೀಟರು ನೀರಿಗೆ ಸುಮಾರು 100 ಗ್ರಾಂ ಗೋಧಿ ರವೆ, 100 ಗ್ರಾಂ ಬೆಲ್ಲ, ಗಟ್ಟಿಯಾಗಲು ಒಂದಿಷ್ಟು ಅಗರ್, ಬೂಸು ಹಿಡಿಯದಂತೆ ಕೆಲವು ಹನಿ ಪ್ರೊಪಿಯಾನಿಕ್ ಆಮ್ಲ. ಅಂದರೆ ಒಂದು ಬಗೆಯ ಶಿರಾ. ತುಪ್ಪವೊಂದಿಲ್ಲ.

ಅದೇ ವಿಭಾಗದಲ್ಲಿ ವಿ. ವಾಸುದೇವ್ ಮತ್ತು ಎನ್. ಬಿ. ಕೃಷ್ಣಮೂರ್ತಿ ಅವರು ಡೈಥೇನ್ ಎಂ-45 ಎಂಬ ಶಿಲೀಂಧ್ರನಾಶಕವನ್ನು ನೊಣಗಳಿಗೆ ಬಹುದಿನ ಉಣಿಸಿ ಪರೀಕ್ಷಿಸಿದರು. ದ್ರಾಕ್ಷಿ ಬೆಳೆಗಾರರಿಗೆ ಈ ಹೆಸರು ಹೊಸದಲ್ಲ. ಮ್ಯಾಂಕೋಜೆಬ್ ಎಂದು ನೀವು ಕೊಳ್ಳುವ ಹಳದಿ ಪುಡಿ ಇದೇ. ಔಷಧ ಉಂಡ ಗಂಡಿನ ಬೀಜದಿಂದಾದ ಮೊಟ್ಟೆಗಳು ಹೆಚ್ಚಾಗಿ ಸಾಯುತ್ತವೆಯೆ ಎಂಬುದು ಪ್ರಶ್ನೆ. 1980ರಲ್ಲಿ ಪ್ರಕಟವಾದ ಅವರ ಉತ್ತರ: ಇಲ್ಲ, ಈ ಪರೀಕ್ಷೆಯಲ್ಲಿ ಅಂಥ ದೋಷ ಕಾಣಲಿಲ್ಲ.

ಹಾಗಾದರೆ ಸಮಾಧಾನವೆ? ಮ್ಯಾಂಕೋಜೆಬ್ ಡಬ್ಬಿಗೆ ಹಸಿರು ತ್ರಿಕೋನವೂ ಇದೆ, ನೊಣವೂ ಒಂದು ಪರೀಕ್ಷೆಯಲ್ಲಿ ಪಾಸು ಮಾಡಿದೆ. ಆದರೂ ಡಿಸೆಂಬರ್ 2020ರಲ್ಲಿ ಐರೋಪ್ಯ ಒಕ್ಕೂಟ ಇದರ ಪರವಾನಗಿಯನ್ನು ಮುಂದುವರಿಸಲಿಲ್ಲ. ಸಂತಾನಶಕ್ತಿಗೂ ಗರ್ಭಕ್ಕೂ ಕೆಡುಕೆಂದು ವರ್ಗೀಕರಿಸಲ್ಪಟ್ಟದ್ದು, ದೇಹದ ಗ್ರಂಥಿಗಳ ಕೆಲಸವನ್ನು ಏರುಪೇರು ಮಾಡುವುದು, ಇವು ಅವರು ಕೊಟ್ಟ ಕಾರಣಗಳಲ್ಲಿ ಸೇರಿದ್ದವು. ನಮ್ಮ ಕೇಂದ್ರ ಸರಕಾರವೂ ಮೇ 2020ರಲ್ಲಿ ನಿಷೇಧಿಸಲು ಯೋಚಿಸಿದ 27 ಔಷಧಗಳ ಕರಡು ಪಟ್ಟಿಯಲ್ಲಿ ಇದನ್ನು ಸೇರಿಸಿತ್ತು. 2023ರಲ್ಲಿ ಅಂತಿಮ ಆಜ್ಞೆ ಬಂದಾಗ ಇದು ಉಳಿದುಕೊಂಡಿತು. ನೊಣ ಸುಳ್ಳು ಹೇಳಿತೆಂದು ಇದರ ಅರ್ಥವಲ್ಲ. ನೊಣಕ್ಕೆ ಕೇಳಿದ್ದು ಬೀಜದ ಎಳೆ ತುಂಡಾಗುತ್ತದೆಯೆ ಎಂದು. ನಮ್ಮ ಗಂಟಲಿನ ಥೈರಾಯ್ಡ್ ಗ್ರಂಥಿ ನೊಣಕ್ಕಿಲ್ಲ. ಅದರ ಮಾತನ್ನು ಇಲಿಗೇ ಕೇಳಬೇಕು. ಒಂದೊಂದು ಪರೀಕ್ಷೆ ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಹಸಿರು ಬಣ್ಣವೊಂದನ್ನೇ ನಂಬಿ ಬರಿಗೈಯಿಂದ ಪುಡಿ ಕಲಸುವವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಇನ್ನೊಂದು ಉದಾಹರಣೆ ಇದಕ್ಕಿಂತ ಕಹಿಯಾದದ್ದು. ನಮ್ಮ ಕಡೆಯ ಹತ್ತಿ, ತೊಗರಿಯ ಹೊಲಗಳಿಗೂ ಹೊಡೆದು ಗೊತ್ತಿರುವ ಎಂಡೋಸಲ್ಫಾನ್. ಕಾಸರಗೋಡು ಜಿಲ್ಲೆಯ ಸರಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಇದನ್ನು ಸುರಿದರು. ಎಣ್ಮಕಜೆ, ಪಡ್ರೆಯಂಥ ಕನ್ನಡ, ತುಳು ಮಾತಾಡುವ ಊರುಗಳು ಆ ತೋಟಗಳ ಬುಡದಲ್ಲಿವೆ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿಯೂ ಇದೇ ಕಥೆ. ಅಂಗವಿಕಲ ಮಕ್ಕಳು, ಬುದ್ಧಿ ಬೆಳೆಯದ ಮಕ್ಕಳು ಹುಟ್ಟುತ್ತಿದ್ದಾರೆಂದು ಪಡ್ರೆಯ ವೈದ್ಯ ಡಾ. ವೈ. ಎಸ್. ಮೋಹನಕುಮಾರರೂ ಪತ್ರಕರ್ತ ಶ್ರೀಪಡ್ರೆಯವರೂ ಕೂಗಿ ಹೇಳಬೇಕಾಯಿತು. ಕರ್ನಾಟಕ 2011ರ ಫೆಬ್ರವರಿಯಲ್ಲಿ ನಿಷೇಧಿಸಿತು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಹಾಕಿತು. 2017ರಲ್ಲಿ ಕೇರಳದ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞೆಯಾಯಿತು.

ಈಗ ಈ ಇಸವಿ ನೋಡಿ. ಸ್ಪೇನ್ ದೇಶದ ಬಾರ್ಸಿಲೋನಾದ ವಿಜ್ಞಾನಿಗಳು ಎಂಡೋಸಲ್ಫಾನನ್ನು ಡ್ರೊಸಾಫಿಲಕ್ಕೆ ಕೊಟ್ಟು, ಮೇಲೆ ಹೇಳಿದ ಮೊಮ್ಮಕ್ಕಳ ಪರೀಕ್ಷೆ ಮಾಡಿ, ಬೀಜ ಕೆಡುತ್ತದೆಂದು ವರದಿ ಮಾಡಿದ್ದು 1984ರಲ್ಲಿ. ನೊಣವು ಅನುಮಾನ ಸೂಚಿಸಿದ ಮೇಲೆ ಇನ್ನೂ ಹದಿನಾರು ವರ್ಷ ಹೆಲಿಕಾಪ್ಟರು ಹಾರಿತು. ಕಾಸರಗೋಡಿನ ಪ್ರತಿಯೊಂದು ಮಗುವಿನ ಕಷ್ಟಕ್ಕೂ ಆ ಒಂದು ವರದಿಯೇ ರುಜುವಾತು ಎಂದು ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ತಪ್ಪಾಗುತ್ತದೆ. ಬೇರೆ ಪರೀಕ್ಷೆಗಳಲ್ಲಿ ಬೇರೆ ಫಲಿತಾಂಶಗಳೂ ಬಂದಿದ್ದವು. ಆದರೆ ಕಣದಲ್ಲಿ ಹೊಗೆಯಾಡುವುದನ್ನು ಕಂಡವರು ಬೆಂಕಿಯ ರುಜುವಾತಿಗೆ ಕಾಯುತ್ತ ಕೂಡುತ್ತಾರೆಯೆ? ಕೊಡ ಹಿಡಿದು ಓಡುತ್ತಾರೆ. ಆ ವರದಿ ಪಡ್ರೆಯ ಒಬ್ಬ ಕೂಲಿಯವನಿಗಾದರೂ ಅವನ ಭಾಷೆಯಲ್ಲಿ ತಲುಪಿದ್ದರೆ, ಹೆಲಿಕಾಪ್ಟರ್ ಬಂದ ದಿನ ಬಾವಿಗೆ ಮುಚ್ಚಳವನ್ನಾದರೂ ಹಾಕುತ್ತಿದ್ದ.

ಔಷಧ ನೋಂದಾಯಿಸುವಾಗ ಕಂಪನಿಗಳು ಫರೀದಾಬಾದಿನ ನೋಂದಣಿ ಸಮಿತಿಗೆ ಉತ್ಪರಿವರ್ತನೆಯ ಪರೀಕ್ಷೆಗಳ ವರದಿಗಳನ್ನೂ ಕೊಡಬೇಕಾಗುತ್ತದೆ. ಅವು ಕಡತದಲ್ಲಿರುತ್ತವೆ, ಡಬ್ಬಿಯ ಮೇಲೆ ಬರುವುದಿಲ್ಲ. ಇತ್ತೀಚೆಗೆ ಇಂಥ ಪರೀಕ್ಷೆಗಳನ್ನು ಹೆಚ್ಚಾಗಿ ಬ್ಯಾಕ್ಟೀರಿಯ, ಇಲಿ ಮತ್ತು ಗಾಜಿನಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಮಾಡುತ್ತಾರೆ. ಮುಂದುವರಿದ ದೇಶಗಳ ಸಂಘವಾದ ಓ.ಇ.ಸಿ.ಡಿ. 1984ರಲ್ಲಿ ತನ್ನ ಪರೀಕ್ಷಾ ಸೂಚಿಗೆ ಸೇರಿಸಿಕೊಂಡಿದ್ದ ನೊಣದ ಮೊಮ್ಮಕ್ಕಳ ಪರೀಕ್ಷೆಯನ್ನು 2014ರಲ್ಲಿ ಕೈಬಿಟ್ಟಿದೆ. ಹಾಗಾಗಿ ಕಂಪನಿಯ ಕಡತಕ್ಕೆ ನೊಣ ಬೇಕಾಗಿಲ್ಲ. ಇರಲಿ. ನಮಗೆ ಬೇಕಾಗಿದೆ.

ಏಕೆಂದರೆ ಕಂಪನಿ ಪರೀಕ್ಷಿಸುವುದು ತನ್ನ ತನ್ನ ಪದಾರ್ಥವನ್ನು. ನಿಮ್ಮ ಬ್ಯಾರಲ್ಲಿನಲ್ಲಿರುವುದು ಮೂರು ನಾಲ್ಕು ಕಂಪನಿಗಳ ಪದಾರ್ಥ, ಅದರ ಮೇಲೆ ಕೊಳವೆಬಾವಿಯ ಸವುಳು ನೀರು. ಆ ಕೂಟವನ್ನು ಅದೇ ಪ್ರಮಾಣದಲ್ಲಿ ಬೆರೆಸಿ ಬೀಜಕ್ಕೇನಾಗುತ್ತದೆಂದು ನೋಡಿದವರು ಯಾರು? ಒಂದೊಂದಾಗಿ ಸಾಧುವಾದವು ಕೂಡಿದಾಗ ಸಾಧುವಾಗಿಯೇ ಇರುತ್ತವೆಂಬ ಭರವಸೆಯಿಲ್ಲ. ಇಲಿಯ ಮೇಲೆ ಪ್ರತಿಯೊಂದು ತೋಟದ ಮಿಶ್ರಣವನ್ನು ಪರೀಕ್ಷಿಸಲು ಹಣವೂ ಸಾಲದು, ಕಾಲವೂ ಸಾಲದು. ನೊಣಕ್ಕಾದರೆ ರವೆ, ಬೆಲ್ಲ, ಹಾಲಿನ ಬಾಟಲಿ, ಹತ್ತಿಯ ಬಿರಡೆ, ಒಂದು ಸೂಕ್ಷ್ಮದರ್ಶಕ ಮತ್ತು ತಾಳ್ಮೆಯಿರುವ ವಿದ್ಯಾರ್ಥಿ ಸಾಕು.

ಕೀಟನಾಶಕ ಕುಡಿಸಿದರೆ ನೊಣ ಸತ್ತೇ ಹೋಗುವುದಿಲ್ಲವೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನೊಣ ಬದುಕಿ ಮರಿ ಮಾಡುವಷ್ಟು ತೆಳುವಾಗಿ ನೀರು ಬೆರೆಸಿಯೇ ಕೊಡಬೇಕು. ಎಂಡೋಸಲ್ಫಾನಿನಂಥ ಕೀಟನಾಶಕವನ್ನೂ ಹಾಗೆಯೇ ಪರೀಕ್ಷಿಸಲಾಗಿದೆ. ತೋಟದಲ್ಲಿ ಹಾರಾಡುವ ನೊಣ ಇದಕ್ಕೆ ಬಾರದು. ಪೀಳಿಗೆ ಗೊತ್ತಿರುವ, ಗುರುತಿನ ಗುಣವಿರುವ ತಳಿಯೇ ಆಗಬೇಕು. ಅವುಗಳನ್ನು ಸಾಕಿ ನುರಿತ ಕೈಗಳು ಮೈಸೂರಿನಲ್ಲಿವೆ. ನಮ್ಮ ಜಿಲ್ಲೆಯಲ್ಲಿಯೇ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾನಿಲಯವಿದೆ. ಜಮಖಂಡಿ, ಮುಧೋಳಗಳ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಓದುವ ಮಕ್ಕಳು ಹೆಚ್ಚಿನವರು ರೈತರ ಮನೆಯವರೇ. ಈ ಮೂವರನ್ನು ಕೂಡಿಸುವುದು ಕಷ್ಟದ ಮಾತೇನಲ್ಲ. ಪ್ರತಿ ಹಂಗಾಮಿನಲ್ಲಿ ಹತ್ತಿಪ್ಪತ್ತು ತೋಟಗಳ ಮಿಶ್ರಣಗಳನ್ನು ನೊಣದ ರೆಕ್ಕೆಯ ಪರೀಕ್ಷೆಗೆ ಹಾಕಲಿ. ಚುಕ್ಕೆ ಹೆಚ್ಚಿದ ಮಿಶ್ರಣವನ್ನು ದೊಡ್ಡ ಪ್ರಯೋಗಶಾಲೆಗೆ ಕಳಿಸಲಿ. ಅದರ ಉತ್ತರ ಬರುವವರೆಗೆ ಆ ಎರಡು ಔಷಧಗಳನ್ನು ಒಟ್ಟಿಗೆ ಬೆರೆಸಬೇಡಿರೆಂದು ಕನ್ನಡದಲ್ಲಿ ಅಚ್ಚು ಹಾಕಿ ಅಂಗಡಿಯ ಬಾಗಿಲಿಗೆ ಅಂಟಿಸಲಿ. ಸರಕಾರವು ಫರೀದಾಬಾದಿನ ಕಡತದ ಸಾರಾಂಶವನ್ನು ಡಬ್ಬಿಯ ಜೊತೆಯ ಹಾಳೆಯಲ್ಲಿ ಎರಡು ಸಾಲಾದರೂ ಅಚ್ಚು ಮಾಡಿಸಲಿ: ಬೀಜದ ಮೇಲಿನ ಪರೀಕ್ಷೆ ಆಗಿದೆಯೆ, ಆಗಿದ್ದರೆ ಏನು ಬಂತು.

ಅಲ್ಲಿಯವರೆಗೆ ಕೈಗವಸು, ಮುಖವಸ್ತ್ರ, ಗಾಳಿಗೆ ಬೆನ್ನು ಕೊಟ್ಟು ಸಿಂಪರಣೆ, ಇವನ್ನು ಈ ಪುಟದಲ್ಲಿ ಎಷ್ಟೋ ಸಲ ಬರೆದಾಗಿದೆ. ಮತ್ತೆ ಉದ್ದ ಮಾಡುವುದಿಲ್ಲ. ಎರಡು ಮಾತು ಮಾತ್ರ ಸೇರಿಸುತ್ತೇವೆ. ಮದುವೆಯಾಗಿ ಒಂದೆರಡು ವರ್ಷವಾದ ಹುಡುಗನನ್ನೇ ಗಟ್ಟಿಗನೆಂದು ದಿನಗೂಲಿಗೆ ಸಿಂಪರಣೆಗೆ ಹಚ್ಚುವುದು ನಮ್ಮಲ್ಲಿ ರೂಢಿ. ಬೀಜದ ಲೆಕ್ಕದಲ್ಲಿ ಇದು ತಲೆಕೆಳಗಾದ ರೂಢಿ. ಮಕ್ಕಳು ಕೈಗೆ ಬಂದ ಹಿರಿಯರೇ ಕವಚ ತೊಟ್ಟು ಮುಂದಾಗುವುದು ಮೇಲು. ಸಿಂಪರಣೆಯ ಮರುದಿನ ಬೆಳಿಗ್ಗೆ, ಎಲೆ ಇನ್ನೂ ಒದ್ದೆಯಿರುವಾಗ, ಗೊನೆ ತಿದ್ದಲು ಗರ್ಭಿಣಿ ಹೆಂಗಸರನ್ನು ಕರೆಯಬಾರದು. ಒಂದು ದಿನದ ಕೂಲಿ ತಪ್ಪುತ್ತದೆಂದು ಅವರಾಗಿಯೇ ಬಂದಾರು. ಆ ದಿನಕ್ಕೆ ಅವರಿಗೆ ಬೇರೆ ಕೆಲಸ ಕೊಡಬೇಕಾದವನು ತೋಟದ ಒಡೆಯ.

ಮತ್ತೊಂದು ವಿಷಯ. ಕೊಟ್ಟಿಗೆಯ ಗೋಡೆಗೆ ಒಂದು ವಹಿ ತೂಗುಹಾಕಿ. ಯಾವ ದಿನ ಯಾವ ಯಾವ ಡಬ್ಬಿ, ಅದರ ಬ್ಯಾಚ್ ನಂಬರು, ಬ್ಯಾರಲ್ಲಿಗೆ ಎಷ್ಟು ಗ್ರಾಂ, ಎಷ್ಟು ಮಿಲಿಲೀಟರ್, ಯಾವ ಬಾವಿಯ ನೀರು, ಸಿಂಪಡಿಸಿದವರು ಯಾರು ಎಂದು ಬರೆದಿಡಿ. ಒಣದ್ರಾಕ್ಷಿಯ ವ್ಯಾಪಾರಿಯ ಬಾಕಿ ಬರೆಯುವಷ್ಟೇ ಜಾಗ್ರತೆಯಿಂದ ಬರೆಯಿರಿ. ಆ ವಹಿ ಇಲ್ಲದೆ ನಾಳೆ ಕಾಲೇಜಿನ ಹುಡುಗರು ಬಾಟಲಿ ಹಿಡಿದು ಬಂದರೂ ನೊಣಕ್ಕೆ ಯಾವ ಮಿಶ್ರಣವನ್ನು ಕುಡಿಸಬೇಕೆಂದು ಅವರಿಗೆ ಹೇಳುವವರು ಯಾರೂ ಇರುವುದಿಲ್ಲ.